ಸ್ಟ್ರಟ್: ಸೆಟೆದು ನಿಂತ ಪದ ಬೀಗಿ ನಡೆದದ್ದು ಹೇಗೆ

ಕಾರಿನ ಸರ್ವೀಸ್ ಬಿಲ್ಲಿನಲ್ಲಿ ‘ಫ್ರಂಟ್ ಸ್ಟ್ರಟ್ – 2’ ಎಂದು ಬರೆದಿರುತ್ತದೆ. ಇಂಗ್ಲಿಷ್ ಪತ್ರಿಕೆಯ ಫ್ಯಾಷನ್ ಪುಟ ತೆರೆದರೆ ರೂಪದರ್ಶಿ ರ‍್ಯಾಂಪ್ ಮೇಲೆ ‘ಸ್ಟ್ರಟ್’ ಮಾಡಿದಳು ಎಂದಿರುತ್ತದೆ. ನಿಘಂಟಿನಲ್ಲೂ ಹಾಗೆಯೇ: ಕ್ರಿಯಾಪದವಾದರೆ ಜಂಬದಿಂದ ನಡೆ, ನಾಮಪದವಾದರೆ ಆಸರೆಯ ಕಂಬ. ಎರಡೂ ಬೇರೆ ಬೇರೆ ಪದಗಳು, ಸ್ಪೆಲ್ಲಿಂಗ್ ಮಾತ್ರ ಒಂದೇ ಇರಬೇಕು ಎಂದುಕೊಂಡು ಮುಂದಕ್ಕೆ ಹೋಗುವವರೇ ಹೆಚ್ಚು. ಹಾಗಲ್ಲ, ಎರಡಕ್ಕೂ ಬೇರು ಒಂದೇ. ಆ ಬೇರಿನಲ್ಲಿ ಜಂಬವೂ ಇಲ್ಲ, ನಡಿಗೆಯೂ ಇಲ್ಲ. ಅಲ್ಲಿರುವುದು ಸೆಟೆದು ನಿಲ್ಲುವುದು, ಅಷ್ಟೆ.

ಪದದ ಹಳೆಯ ರೂಪ ‘ಸ್ಟ್ರೂಟಿಯನ್’. ಸಾವಿರ ವರ್ಷದ ಹಿಂದೆ, 10ನೇ ಶತಮಾನದ ಕೊನೆಯಲ್ಲಿ, ಎಲ್ಫ್ರಿಕ್ ಎಂಬ ಇಂಗ್ಲಿಷ್ ಸನ್ಯಾಸಿ ಸಂತರ ಚರಿತ್ರೆಗಳನ್ನು ಬರೆದ. ಅದರಲ್ಲಿ 869ರಲ್ಲಿ ಡೇನರ ಕೈಯಲ್ಲಿ ಸತ್ತ ದೊರೆ ಎಡ್ಮಂಡನ ಕಥೆಯೂ ಇದೆ. ಎಡ್ಮಂಡನ ಸಮಾಧಿಯಿದ್ದ ಚರ್ಚಿಗೆ ಒಂದು ರಾತ್ರಿ ಎಂಟು ಮಂದಿ ಕಳ್ಳರು ಕನ್ನ ಹಾಕಲು ಬರುತ್ತಾರೆ. ಒಬ್ಬ ಸುತ್ತಿಗೆಯಿಂದ ಬಾಗಿಲಿನ ಚಿಲಕಕ್ಕೆ ಹೊಡೆಯುತ್ತಾನೆ, ಒಬ್ಬ ಅದರ ಸುತ್ತ ಅರ ಹಾಕಿ ಉಜ್ಜುತ್ತಾನೆ, ಒಬ್ಬ ಬಾಗಿಲ ಕೆಳಗೆ ಸನಿಕೆಯಿಂದ ಅಗೆಯುತ್ತಾನೆ, ಇನ್ನೊಬ್ಬ ಕಿಟಕಿಗೆ ಏಣಿ ಇಡುತ್ತಾನೆ. ಸಂತನ ಮಹಿಮೆ, ಯಾರು ಎಲ್ಲಿದ್ದರೋ ಅಲ್ಲೇ, ಕೈಯಲ್ಲಿ ಹತಾರ ಹಿಡಿದ ಹಾಗೆಯೇ ಮರಗಟ್ಟಿ ಹೋಗುತ್ತಾರೆ. ಬೆಳಗಾಗುವವರೆಗೂ ಅಲ್ಲಾಡಲು ಆಗುವುದಿಲ್ಲ. ಊರಿನವರು ಎದ್ದು ಬಂದು ನೋಡಿದರೆ ಏಣಿಯ ಮೇಲೊಬ್ಬ, ಗುಂಡಿಯ ಪಕ್ಕದಲ್ಲೊಬ್ಬ.

ಆ ಕಳ್ಳರು ನಿಂತ ಭಂಗಿಗೆ ಎಲ್ಫ್ರಿಕ್ ಬಳಸಿದ ಪದವೇ ಇಂದಿನ ಸ್ಟ್ರಟ್‌ನ ಪೂರ್ವಜ. ಅನುವಾದಕರಲ್ಲಿ ಕೆಲವರು ಅದನ್ನು ‘ಹೆಣಗುತ್ತ’ ಎಂದೂ ಕೆಲವರು ‘ಸೆಟೆದು ನಿಂತು’ ಎಂದೂ ಅರ್ಥ ಮಾಡುತ್ತಾರೆ. ಮುಂದೆ ಪದ ಹಿಡಿದ ದಾರಿ ನೋಡಿದರೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಹೇಗಿದ್ದರೂ ಅವರು ನಡೆಯುತ್ತಿರಲಿಲ್ಲ ಎಂಬುದಂತೂ ಖಾತ್ರಿ. ಅವರಲ್ಲಿ ಜಂಬಕ್ಕೂ ಜಾಗವಿರಲಿಲ್ಲ. ಬಿಷಪ್ ಅವರೆಲ್ಲರನ್ನೂ ಗಲ್ಲಿಗೇರಿಸಿ, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟನಂತೆ.

ನಾಲ್ಕು ಶತಮಾನ ಕಳೆದ ಮೇಲೆ ಪದ ಇಂಗ್ಲಿಷ್ ಕವಿ ಚಾಸರ್‌ನ ಕೈಗೆ ಬಂತು. ಆಗ ಅದರ ರೂಪ ‘ಸ್ಟ್ರೌಟೆನ್’, ಅರ್ಥ ಉಬ್ಬು, ಹೊರಚಾಚು, ಹರಡಿ ನಿಲ್ಲು. ಅವನ ಗಿರಣಿಯವನ ಕಥೆಯಲ್ಲಿ ಅಬ್ಸಲನ್ ಎಂಬ ಶೋಕಿಲಾಲ ಚರ್ಚ್ ಗುಮಾಸ್ತನಿದ್ದಾನೆ. ಗುಂಗುರಾದ ಹೊಂಬಣ್ಣದ ಕೂದಲು, ನಡುವೆ ನೇರ ಬೈತಲೆ. ಆ ಕೂದಲು ದೊಡ್ಡ ಬೀಸಣಿಗೆಯಂತೆ ಅಗಲವಾಗಿ ‘ಸ್ಟ್ರೌಟ್’ ಆಗಿತ್ತು ಎನ್ನುತ್ತಾನೆ ಚಾಸರ್. ಇಲ್ಲಿಯೂ ಸ್ಟ್ರಟ್ ಮಾಡುತ್ತಿರುವುದು ಮನುಷ್ಯನಲ್ಲ, ಅವನ ತಲೆಗೂದಲು. ಆದರೆ ಆ ಕೂದಲಿನ ಒಡೆಯ ಎಂಥ ಆಸಾಮಿ ಎಂದು ಬೇರೆ ಹೇಳಬೇಕಾಗಿಲ್ಲ. ವಸ್ತುವಿನ ಆಕಾರದಿಂದ ಮನುಷ್ಯನ ಸ್ವಭಾವಕ್ಕೆ ಅರ್ಥ ದಾಟುವುದು ಇಂಥ ಕಡೆಯಲ್ಲೇ.

16ನೇ ಶತಮಾನದಲ್ಲಿ ಅದು ದಾಟಿಯೇಬಿಟ್ಟಿತು. ಎದೆ ಮುಂದೆ, ತಲೆ ಮೇಲೆ, ಕಾಲು ಬಿಗಿ: ಹಾಗೆ ನಡೆಯುವುದಕ್ಕೆ ಸ್ಟ್ರಟ್ ಎನ್ನತೊಡಗಿದರು. ಸುಮಾರು 1606ರ ಹೊತ್ತಿಗೆ ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್, ಬದುಕೆಂದರೆ ರಂಗದ ಮೇಲೆ ತನ್ನ ಒಂದು ಗಳಿಗೆ ಸ್ಟ್ರಟ್ ಮಾಡಿ, ಚಡಪಡಿಸಿ, ಆಮೇಲೆ ದನಿಯೇ ಕೇಳಿಸದಂತೆ ಹೋಗುವ ಬಡ ನಟ ಎನ್ನುವಷ್ಟರಲ್ಲಿ ಇಂದಿನ ಅರ್ಥ ಪೂರ್ತಿ ಬಲಿತಿತ್ತು. ಆಸರೆಯ ಕಂಬ ಎಂಬ ಅರ್ಥ ದಾಖಲಾದದ್ದೂ ಅದೇ 16ನೇ ಶತಮಾನದ ಕೊನೆಯ ಭಾಗದಲ್ಲಿ. ಅದು ಇಂಗ್ಲಿಷ್ ಕ್ರಿಯಾಪದದಿಂದಲೇ ಹುಟ್ಟಿತೋ, ಉತ್ತರ ಜರ್ಮನಿಯ ಕಡೆಯ ಸೋದರ ಪದದಿಂದ ಬಂತೋ ಎಂಬುದರಲ್ಲಿ ನಿಘಂಟುಗಳಿಗೆ ಒಮ್ಮತವಿಲ್ಲ. ಯಾವ ದಾರಿ ಹಿಡಿದರೂ ತಲುಪುವುದು ಅದೇ ಬೇರಿಗೆ.

ಆ ಬೇರಿನ ಬಳಗ ದೊಡ್ಡದು. ಬಟ್ಟೆಗೆ ಹಾಕುವ ಗಂಜಿಯ ಇಂಗ್ಲಿಷ್ ಹೆಸರು ‘ಸ್ಟಾರ್ಚ್’ ಇದೇ ಮನೆಯದು, ಬಟ್ಟೆಯನ್ನು ಸೆಟೆಸುವುದರಿಂದ. ಕಣ್ಣು ಕೀಲಿಸಿ ನೋಡುವ ‘ಸ್ಟೇರ್’ ಕೂಡ. ನೀಳಕಾಲಿನ ಮೇಲೆ ಗೂಟದಂತೆ ನಿಲ್ಲುವ ಕೊಕ್ಕರೆ ಜಾತಿಯ ‘ಸ್ಟಾರ್ಕ್’ ಹಕ್ಕಿಯ ಹೆಸರೂ ಇಲ್ಲಿಂದಲೇ ಬಂದದ್ದೆಂದು ನಿರುಕ್ತಿಕಾರರು ಹೇಳುತ್ತಾರೆ. ಹಸಿವಿನಿಂದ ಸಾಯುವ ‘ಸ್ಟಾರ್ವ್’ ಮೊದಲು ಬರೇ ಸಾಯುವುದಾಗಿತ್ತು, ಎಂದರೆ ದೇಹ ಸೆಟೆಯುವುದು. ಜರ್ಮನ್ ಭಾಷೆಯಲ್ಲಿ ‘ಷ್ಟ್ರೋಟ್ಸೆನ್’ ಎಂದರೆ ತುಂಬಿ ಬಿರಿಯುವಂತಿರುವುದು. ಆದರೆ ಉಷ್ಟ್ರಪಕ್ಷಿಯ ಗ್ರೀಕ್ ಹೆಸರು ‘ಸ್ಟ್ರೂಥೋಸ್’ ಈ ಬಳಗದ್ದಲ್ಲ. ಆ ಹಕ್ಕಿಯ ನಡಿಗೆ ನೋಡಿ ನಂಟು ಕಲ್ಪಿಸಿದರೆ ಎಡವಿದಂತೆ.

ಕನ್ನಡದವರಿಗೆ ಈ ಪಯಣ ವಿಚಿತ್ರ ಎನಿಸಬಾರದು, ನಾವೂ ಅದನ್ನೇ ಮಾಡಿದ್ದೇವೆ. ‘ಬೀಗು’ ಎಂದರೆ ಮೊದಲು ಊದಿಕೊಳ್ಳುವುದು. ತಮಿಳಿನಲ್ಲಿ ಇಂದಿಗೂ ಮೈ ಊತಕ್ಕೆ ‘ವೀಕ್ಕಂ’ ಎನ್ನುತ್ತಾರೆ. ನಮ್ಮಲ್ಲಿ ‘ಗೆದ್ದು ಬೀಗಿದ’ ಎಂದಾಗ ಊತದ ನೆನಪು ಯಾರಿಗೂ ಬರುವುದಿಲ್ಲ. ‘ಉಬ್ಬಿಹೋದ’, ‘ಕೊಬ್ಬು ಜಾಸ್ತಿಯಾಗಿದೆ’, ‘ಬಿಗುಮಾನ’, ‘ಸೆಟೆದುಕೊಂಡು ಹೋದ’ ಎಲ್ಲವೂ ಮೈಯ ಸ್ಥಿತಿಯನ್ನು ಹೇಳುತ್ತ ಮನಸ್ಸಿನ ಸ್ಥಿತಿಗೆ ಬಂದ ಮಾತುಗಳೇ. ಸ್ಟ್ರಟ್‌ಗೆ ಕನ್ನಡದಲ್ಲಿ ತೀರ ಹತ್ತಿರದ್ದು ‘ಜಂಬದಿಂದ ನಡೆ’ ಅಲ್ಲ, ‘ಸೆಟೆದು ನಡೆ’. ಮೊದಲನೆಯದು ಮನಸ್ಸನ್ನು ವಿವರಿಸುತ್ತದೆ. ಎರಡನೆಯದರಲ್ಲಿ ಬೆನ್ನುಮೂಳೆ ಕಾಣಿಸುತ್ತದೆ.

ಈ ಬೆನ್ನುಮೂಳೆಯೇ ಸ್ಟ್ರಟ್ ಅನ್ನು ಅದರ ಓರಗೆಯ ಪದಗಳಿಂದ ಬೇರೆ ಮಾಡುವುದು. ‘ಸ್ವಾಗರ್’ನಲ್ಲಿ ಮೈ ಅಕ್ಕಪಕ್ಕಕ್ಕೆ ತೂಗುತ್ತದೆ, ಅದರ ಮೂಲದಲ್ಲಿರುವುದೇ ತೂಗಾಟ. ಹೆಗಲು ತಿರುಗಿಸುತ್ತ, ಯಾರು ಅಡ್ಡ ಬರುತ್ತಾರೋ ನೋಡೋಣ ಎನ್ನುವ ರೌಡಿ ನಡಿಗೆ ಅದು. ‘ಪ್ರಾನ್ಸ್’ ಮಾಡುವುದು ಕುದುರೆ, ಅಥವಾ ಕುದುರೆಯ ಹಾಗೆ ನೆಗೆಯುತ್ತ ಹೆಜ್ಜೆ ಹಾಕುವವರು. ‘ಸಶೇ’ ಫ್ರೆಂಚ್ ನೃತ್ಯದ ‘ಶಸ್ಸೇ’ ಹೆಜ್ಜೆ ಅಮೆರಿಕದವರ ಬಾಯಲ್ಲಿ ತಿರುಚಿಕೊಂಡದ್ದು, ಅದರಲ್ಲಿ ಬಳುಕು ಇರುತ್ತದೆ. ‘ಸ್ಟಾಕ್’ ಕೂಡ ಬಿಗಿ ನಡಿಗೆಯೇ, ಆದರೆ ಕೋಪದ್ದು: ಮಾತು ಮುರಿದು, ಬಾಗಿಲು ದೂಡಿಕೊಂಡು ಹೋಗುವಂಥದ್ದು. ನೋಡುವವರಿದ್ದಾರೆ ಎಂಬ ಎಚ್ಚರ ಸ್ಟ್ರಟ್‌ನಲ್ಲಿ ಇದ್ದೇ ಇರುತ್ತದೆ. ಖಾಲಿ ಕೋಣೆಯಲ್ಲಿ ಸ್ಟ್ರಟ್ ಮಾಡುವವನ ಎದುರಿಗೆ ಕನ್ನಡಿಯಾದರೂ ಇರಬೇಕು.

ಬಹುಕಾಲ ಈ ಪದ ಬೈಗುಳವೇ ಆಗಿತ್ತು. ಯಾರನ್ನಾದರೂ ಸ್ಟ್ರಟ್ ಮಾಡುತ್ತಾನೆ ಎಂದರೆ, ಅಷ್ಟು ಬೀಗಲು ಅವನಲ್ಲಿ ಏನೂ ಇಲ್ಲ ಎಂಬ ವ್ಯಂಗ್ಯ ಅದರಲ್ಲಿರುತ್ತಿತ್ತು. 20ನೇ ಶತಮಾನದ ಅಮೆರಿಕದಲ್ಲಿ, ಕುಣಿತ ಮತ್ತು ಸಂಗೀತದ ಸಹವಾಸದಿಂದ, ಬಣ್ಣ ಬದಲಾಯಿತು. ‘ಸ್ಟ್ರಟ್ ಯುವರ್ ಸ್ಟಫ್’ ಎಂದರೆ ನಿನ್ನ ವಿದ್ಯೆ ತೋರಿಸು ಎಂಬ ಹುರಿದುಂಬಿಕೆ. ಫಿಲಡೆಲ್ಫಿಯಾ ನಗರದಲ್ಲಿ ಹೊಸ ವರ್ಷದ ದಿನ ನಡೆಯುವ ಮಮ್ಮರ್ಸ್ ಮೆರವಣಿಗೆಗೆ 1901ರಿಂದ ಅಧಿಕೃತ ಸ್ಥಾನವಿದೆ. ಬಣ್ಣದ ಕೊಡೆ ಹಿಡಿದು ಎದೆ ಚಾಚಿ ಹಾಕುವ ಅಲ್ಲಿನ ಹೆಜ್ಜೆಗೆ ‘ಮಮ್ಮರ್ಸ್ ಸ್ಟ್ರಟ್’ ಎಂದೇ ಹೆಸರು. ಹಾಗಾಗಿ ಅನುವಾದ ಮಾಡುವಾಗ ಮೊದಲು ಕೇಳಬೇಕಾದ್ದು, ಬರೆದವರು ಆ ನಡಿಗೆಯನ್ನು ಮೆಚ್ಚುತ್ತಿದ್ದಾರೋ, ಆಡಿಕೊಳ್ಳುತ್ತಿದ್ದಾರೋ ಎಂದು. ಮೆಚ್ಚುಗೆಯಾದರೆ ‘ಠೀವಿಯಿಂದ ಹೆಜ್ಜೆ ಹಾಕಿದಳು’. ಆಡಿಕೊಳ್ಳುವುದಾದರೆ ‘ಸೆಟೆದುಕೊಂಡು ಓಡಾಡಿದ’. ಗಂಡು ಟರ್ಕಿ ಕೋಳಿಯಾದರೆ ಎರಡೂ ಅಲ್ಲ.

ಟರ್ಕಿ ಕೋಳಿಯ ವಿಷಯದಲ್ಲಿ ಸ್ಟ್ರಟ್ ಒಂದು ತಾಂತ್ರಿಕ ಪದ. ಉತ್ತರ ಅಮೆರಿಕದ ಕಾಡುಗಳಲ್ಲಿ ವಸಂತ ಬಂತೆಂದರೆ ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಡಿಸಿ, ಮೈಯ ಪುಕ್ಕವನ್ನೆಲ್ಲ ಉಬ್ಬಿಸಿ, ಕತ್ತನ್ನು ಹಿಂದಕ್ಕೆ ಎಳೆದುಕೊಂಡು, ರೆಕ್ಕೆಗಳನ್ನು ಇಳಿಬಿಟ್ಟು ನಾಲ್ಕಾರು ಬಿಗಿ ಹೆಜ್ಜೆ ಇಡುತ್ತದೆ. ತಲೆಯ ಬೋಳು ಚರ್ಮ ಕೆಂಪು, ಬಿಳಿ, ನೀಲಿಗೆ ತಿರುಗುತ್ತದೆ. ಕೊಕ್ಕಿನ ಮೇಲಿನ ಮಾಂಸದ ತುಣುಕು ಉದ್ದವಾಗಿ ಜೋತುಬೀಳುತ್ತದೆ. ಇಳಿಬಿಟ್ಟ ರೆಕ್ಕೆಯ ತುದಿಗರಿಗಳು ನೆಲಕ್ಕೆ ಉಜ್ಜಿ, ಧೂಳಿನಲ್ಲಿ ಹೆಜ್ಜೆ ಗುರುತಿನ ಎರಡೂ ಬದಿಗೆ ಸಮಾನಾಂತರ ಗೀರುಗಳನ್ನು ಬಿಡುತ್ತವೆ. ಬೇಟೆಗಾರರು ಈ ಗೀರುಗಳನ್ನು ನೋಡಿ ಹುಂಜ ಎಲ್ಲಿ ಮೆರೆಯಿತು ಎಂದು ಪತ್ತೆ ಹಚ್ಚುತ್ತಾರೆ. ಇಲ್ಲಿ ಕನ್ನಡದಲ್ಲಿ ‘ಗರಿಗೆದರಿ ಬೀಗುತ್ತ ನಡೆಯಿತು’ ಎಂದರೆ ಚಿತ್ರ ಸರಿಯಾಗುತ್ತದೆ, ಏಕೆಂದರೆ ಹಕ್ಕಿ ನಿಜಕ್ಕೂ ಬೀಗಿರುತ್ತದೆ, ಹಳೆಯ ಅರ್ಥದಲ್ಲೇ.

ಇನ್ನು ಕಂಬದ ಮಾತು. ಎಂಜಿನಿಯರುಗಳಿಗೆ ಸ್ಟ್ರಟ್ ಎಂದರೆ ಉದ್ದುದ್ದಕ್ಕೆ ಒತ್ತಡ ಹೊರುವ ಕೋಲು. ಅದರ ಜೋಡಿ ‘ಟೈ’, ಎಳೆತ ಹೊರುವುದು. ಟೈ ಜಾಗದಲ್ಲಿ ಹಗ್ಗ ಕಟ್ಟಿದರೂ ನಡೆಯುತ್ತದೆ, ಸ್ಟ್ರಟ್ ಜಾಗದಲ್ಲಿ ನಡೆಯುವುದಿಲ್ಲ. ಯಾವುದಾದರೂ ಭಾಗ ಸ್ಟ್ರಟ್ಟೋ ಟೈಯೋ ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ: ಅಲ್ಲಿ ಹಗ್ಗವಿದ್ದರೆ ಕೆಲಸ ಆಗುತ್ತಿತ್ತೇ?

ಒತ್ತಡ ಹೊರುವ ಕೋಲಿಗೆ ಒಂದು ದೌರ್ಬಲ್ಯವಿದೆ. ತೆಂಗಿನಗರಿಯ ಪೊರಕೆ ಕಡ್ಡಿಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬೆರಳಿನಿಂದ ಮೇಲಿಂದ ಒತ್ತಿ. ಪುಡಿಯಾಗುವ ಬದಲು ಬಿಲ್ಲಿನಂತೆ ಪಕ್ಕಕ್ಕೆ ಬಾಗುತ್ತದೆ. ಅದೇ ಕಡ್ಡಿಯನ್ನು ಎರಡಿಂಚಿಗೆ ಮುರಿದು ಒತ್ತಿದರೆ ಬೆರಳಿಗೇ ಚುಚ್ಚುತ್ತದೆ, ಬಾಗುವುದಿಲ್ಲ. ಈ ಬಾಗುವಿಕೆಗೆ ‘ಬಕ್ಲಿಂಗ್’ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ 1744ರಲ್ಲೇ ಇದರ ಲೆಕ್ಕ ಕೊಟ್ಟ. ಸಾರ ಇಷ್ಟು: ಉದ್ದ ಎರಡರಷ್ಟಾದರೆ ಹೊರುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಸಂಖ್ಯೆಯಲ್ಲಿ ನೋಡಿದರೆ ಇದು ದಿಗಿಲು ಹುಟ್ಟಿಸುತ್ತದೆ. 10 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ಸರಳನ್ನು ಎಳೆದರೆ ಸುಮಾರು 2,000 ಕಿಲೋವರೆಗೆ ತಡೆಯುತ್ತದೆ. ಅದೇ ಸರಳನ್ನು ಒಂದು ಮೀಟರ್ ಉದ್ದಕ್ಕೆ ಕತ್ತರಿಸಿ, ಎರಡೂ ತುದಿ ತಿರುಗಲು ಬಿಟ್ಟು, ಮೇಲಿಂದ ಒತ್ತಿದರೆ 100 ಕಿಲೋ ಹತ್ತಿರವೇ ಬಾಗುತ್ತದೆ. ಎರಡು ಮೀಟರ್ ಆದರೆ 25 ಕಿಲೋ, ಅಂದರೆ ಅರ್ಧ ಮೂಟೆ ಸಿಮೆಂಟು. ಈಗ ಅಷ್ಟೇ ಉಕ್ಕನ್ನು 20 ಮಿ.ಮೀ. ಹೊರವ್ಯಾಸದ, ಸುಮಾರು 1.3 ಮಿ.ಮೀ. ದಪ್ಪದ ಪೈಪು ಮಾಡಿ. ತೂಕ ಒಂದೇ, ಆದರೆ ಒಂದು ಮೀಟರ್ ಉದ್ದಕ್ಕೆ ಹೊರುವ ಭಾರ ಏಳರಷ್ಟು, ಸುಮಾರು 690 ಕಿಲೋ. ಸ್ಟ್ರಟ್‌ಗಳು ಬಹುಮಟ್ಟಿಗೆ ಟೊಳ್ಳಾಗಿರುವುದು ಇದೇ ಕಾರಣಕ್ಕೆ. ಬಿದಿರಿಗೆ ಇದು ಆಯ್ಲರ್‌ಗಿಂತ ಮೊದಲೇ ಗೊತ್ತಿತ್ತು.

ಮನೆ ಕಟ್ಟುವವರು ಸೆಂಟ್ರಿಂಗ್ ಕೆಳಗೆ ಕೊಡುವ ನೀಲಗಿರಿ ಗಳ, ಕಬ್ಬಿಣದ ಪ್ರಾಪ್ ಎಲ್ಲವೂ ಸ್ಟ್ರಟ್‌ಗಳೇ. ಐದಿಂಚಿನ ಆರ್‌ಸಿಸಿ ಸ್ಲ್ಯಾಬು ಹಸಿಯಿರುವಾಗ ಚದರ ಮೀಟರಿಗೆ 300 ಕಿಲೋ ಮೀರಿ ತೂಗುತ್ತದೆ. ಮೂರು ಅಡಿಗೊಂದು ಗಳ ಕೊಟ್ಟರೂ ಒಂದೊಂದರ ಮೇಲೆ 260 ಕಿಲೋ ಕಾಂಕ್ರೀಟು, ಅದರ ಮೇಲೆ ಹಲಗೆ, ಕಬ್ಬಿಣ, ಓಡಾಡುವ ಆಳುಗಳು. ಗಳ ಪುಡಿಯಾಗಿ ಸ್ಲ್ಯಾಬು ಬೀಳುವುದು ಅಪರೂಪ. ಗಳ ಪಕ್ಕಕ್ಕೆ ಬಾಗಿಯೋ ಬುಡ ಜಾರಿಯೋ ಬೀಳುತ್ತದೆ. ಅರ್ಧ ಎತ್ತರದಲ್ಲಿ ಅಡ್ಡಪಟ್ಟಿ ಬಿಗಿದರೆ ಬಾಗುವ ಉದ್ದ ಅರ್ಧಕ್ಕಿಳಿದು ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದರೆ ಎರಡೂ ದಿಕ್ಕಿಗೆ ಬಿಗಿಯಬೇಕು, ಒಂದೇ ದಿಕ್ಕಿಗೆ ಬಿಗಿದರೆ ಇನ್ನೊಂದು ದಿಕ್ಕಿಗೆ ಬಾಗುತ್ತದೆ. ಸಾಲದ್ದಕ್ಕೆ ಕೆಲವು ಕಡೆ ಓರೆಪಟ್ಟಿಯೂ ಬೇಕು, ಇಲ್ಲವಾದರೆ ಎಲ್ಲ ಗಳಗಳೂ ಕೈಕೈ ಹಿಡಿದು ಒಟ್ಟಿಗೇ ವಾಲುತ್ತವೆ. ಉದ್ದ ಸಾಲದೆ ಎರಡು ತುಂಡು ಸೇರಿಸಿ ಮೊಳೆ ಹೊಡೆದ ಗಳ ಆ ಕೂಡಿಕೆಯಲ್ಲಿ ಕೀಲಿನಂತೆ ಮಡಚಿಕೊಳ್ಳುತ್ತದೆ. ಬುಡಕ್ಕೆ ಹಲಗೆ ಇಡದೆ ಹಸಿ ಮಣ್ಣಿನ ಮೇಲೆ ನಿಲ್ಲಿಸಿದ ಗಳ ಒಂದಿಂಚು ಕುಸಿದರೂ ಅದರ ಭಾರ ಪಕ್ಕದ್ದಕ್ಕೆ ವರ್ಗವಾಗುತ್ತದೆ. ತೆಗೆಯುವ ಅವಸರವೂ ಬೇಡ: ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿಗೆ ಅದನ್ನು ಹೊರುವ ಗೋಡೆ ಅಥವಾ ತೊಲೆಗಳ ನಡುವಿನ ಅಂತರ 4.5 ಮೀಟರ್‌ವರೆಗಿದ್ದರೆ 7 ದಿನ, ಅದಕ್ಕಿಂತ ಹೆಚ್ಚಾದರೆ 14 ದಿನ ಆಸರೆ ಬಿಡಬೇಕೆಂದು ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ.

ವಿಮಾನಕ್ಕೆ ಬಂದರೆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. 1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನದ ಎರಡು ರೆಕ್ಕೆಗಳ ನಡುವೆ ಮರದ ಸ್ಟ್ರಟ್‌ಗಳಿದ್ದವು, ಅಡ್ಡಡ್ಡಲಾಗಿ ತಂತಿಗಳಿದ್ದವು. ಕೋಲು ಒತ್ತಡಕ್ಕೆ, ತಂತಿ ಎಳೆತಕ್ಕೆ, ಲೆಕ್ಕ ಶುದ್ಧ. ಆಮೇಲೆ ಬಂದ ಸೆಸ್ನಾ 172ರಂಥ ಸಣ್ಣ ವಿಮಾನಗಳಲ್ಲಿ ರೆಕ್ಕೆ ಮೇಲಿರುತ್ತದೆ, ಹೊಟ್ಟೆಯ ಕೆಳಭಾಗದಿಂದ ರೆಕ್ಕೆಗೆ ಓರೆಯಾಗಿ ಒಂದು ಸ್ಟ್ರಟ್ ಇರುತ್ತದೆ. 1958ರಲ್ಲಿ ಮೊದಲು ಹಾರಿದ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್‌ನದೂ ಇದೇ ಬಗೆಯ ವಿನ್ಯಾಸ. ನೆಲದ ಮೇಲಿದ್ದಾಗ ಅದು ರೆಕ್ಕೆಯ ಭಾರ ಹೊತ್ತು ನಿಜವಾದ ಸ್ಟ್ರಟ್ ಆಗಿರುತ್ತದೆ. ಹಾರಿದ ಕೂಡಲೇ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ಕೋಲು ಅದನ್ನು ಕೆಳಕ್ಕೆ ಹಿಡಿದುಕೊಳ್ಳುತ್ತದೆ. ಆಗ ಅದು ಟೈ. ಹೆಸರು ಮಾತ್ರ ಬದಲಾಗುವುದಿಲ್ಲ.

ಮೊದಲು ಹೇಳಿದ ಸರ್ವೀಸ್ ಬಿಲ್ಲಿನಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ಎರಡನೇ ಮಹಾಯುದ್ಧದ ನಂತರ ರೂಪಿಸಿದ್ದು. ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫರ್ ಕಾರುಗಳ ಮೂಲಕ 1950ರ ದಶಕದಲ್ಲಿ ಹರಡಿತು, 1983ರ ಕೊನೆಯಲ್ಲಿ ಬಂದ ಮಾರುತಿ 800ರ ಮುಂದಿನ ಚಕ್ರಗಳಲ್ಲೂ ಇತ್ತು. ಗ್ಯಾರೇಜಿನಲ್ಲಿ ಇದನ್ನೂ ‘ಶಾಕ್ ಅಬ್ಸಾರ್ಬರ್’ ಎಂದೇ ಕರೆಯುವುದುಂಟು, ಆದರೆ ವ್ಯತ್ಯಾಸ ದೊಡ್ಡದು. ಬರೇ ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ಅಡಗಿಸುತ್ತದೆ, ಅದನ್ನು ಬಿಚ್ಚಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ಸ್ಟ್ರಟ್ ಬಿಚ್ಚಿದರೆ ಚಕ್ರವನ್ನು ನೆಟ್ಟಗೆ ನಿಲ್ಲಿಸುವುದೇ ಇರುವುದಿಲ್ಲ. ಸ್ಪ್ರಿಂಗನ್ನು ಹೊರುವುದು ಅದು, ಪಕ್ಕದ ಹೊಡೆತ ತಡೆಯುವುದು ಅದು, ಸ್ಟೀರಿಂಗ್ ತಿರುಗಿಸಿದಾಗ ಚಕ್ರದೊಂದಿಗೆ ತಿರುಗುವುದೂ ಅದೇ.

ಕೆಟ್ಟಾಗ ಅದು ಕೊಡುವ ಸೂಚನೆಗಳೂ ಹಾಗೇ ಇರುತ್ತವೆ. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಬಾನೆಟ್ಟಿನ ಮೂಲೆಯಿಂದ ‘ಟಕ್’ ಎಂದರೆ ಮೇಲಿನ ಮೌಂಟಿನ ರಬ್ಬರೋ ಬೇರಿಂಗೋ ಹೋಗಿದೆ. ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ ಒಳಗಿನ ಸೀಲು ಹೋಗಿದೆ. ಬದಲಿಸುವಾಗ ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಟೈರು ಒಂದೇ ಬದಿಗೆ ಸವೆಯುತ್ತದೆ. ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅಮುಕಿ ಹಿಡಿಯದೆ ನೆತ್ತಿಯ ನಟ್ಟನ್ನು ಬಿಚ್ಚಲೇಬಾರದು. ಅದು ಹಾರಿದರೆ ಕೈ ಉಳಿಯುವುದಿಲ್ಲ.

ಸಾಫ್ಟ್‌ವೇರಿನವರಿಗೆ ‘ಸ್ಟ್ರಟ್ಸ್’ ಎಂದರೆ 2000ದಲ್ಲಿ ಅಪಾಚೆ ಫೌಂಡೇಶನ್ನಿಗೆ ಬಂದ, ಜಾವಾ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟಲು ಬಳಸುವ ಸಿದ್ಧ ಚೌಕಟ್ಟು. ಕಟ್ಟಡವನ್ನು ಕಣ್ಣಿಗೆ ಕಾಣದೆ ಹೊತ್ತು ನಿಲ್ಲುವ ಕಂಬಗಳು ಎಂಬ ಅರ್ಥದಲ್ಲೇ ಆ ಹೆಸರು. 2017ರಲ್ಲಿ ಅದರ ದೋಷವೊಂದನ್ನು ಹೊತ್ತಿಗೆ ಸರಿಯಾಗಿ ತಿದ್ದದ ಕಾರಣ ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. ಒಂದು ಗಳದ ಬುಡ ಕುಸಿದ ಹಾಗೆಯೇ.

ನಡಿಗೆ ಮತ್ತು ಕಂಬ ಎರಡೂ ಒಂದೇ ಮೈಯಲ್ಲಿ ಕಾಣಬೇಕಾದರೆ ನವಿಲನ್ನು ಹಿಂದಿನಿಂದ ನೋಡಬೇಕು. ಮುಂದೆ ನಿಂತವರಿಗೆ ಕಾಣುವ ಕಣ್ಣುಕಣ್ಣಿನ ಸೋಗೆ ಅದರ ಬಾಲವಲ್ಲ. ಅದು ಬಾಲದ ಮೇಲ್ಭಾಗದಲ್ಲಿ ಬೆನ್ನಿನಿಂದ ಹೊರಡುವ ಹೊದಿಕೆಯ ಗರಿಗಳು, ನೂರಕ್ಕೂ ಹೆಚ್ಚು, ಒಂದೊಂದೂ ಉದ್ದ, ತೆಳು, ತಾವಾಗಿ ನೆಟ್ಟಗೆ ನಿಲ್ಲಲಾರದವು. ನಿಜವಾದ ಬಾಲ ಅದರ ಹಿಂದೆ ಅಡಗಿರುತ್ತದೆ: ಗಿಡ್ಡನೆಯ, ಬಿರುಸಾದ, ಕಂದುಬಣ್ಣದ ಇಪ್ಪತ್ತು ಗರಿಗಳು. ನವಿಲು ಮೊದಲು ಎತ್ತುವುದು ಅವನ್ನು, ಸೋಗೆ ಮೇಲೇಳುವುದು ಅವುಗಳಿಗೆ ಒರಗಿಕೊಂಡು. ಹಕ್ಕಿ ಹೆಣ್ಣಿನ ಮುಂದೆ ಸೆಟೆದು ಒಂದೊಂದೇ ಹೆಜ್ಜೆ ಇಡುವಷ್ಟು ಹೊತ್ತೂ ಆ ಇಪ್ಪತ್ತು ಗರಿಗಳು ಬೆನ್ನ ಹಿಂದೆ ಭಾರ ಹೊತ್ತು ನಿಂತಿರುತ್ತವೆ.